ಹೂವು ನಮ್ಮದು, ಆರ್ಡರ್ ಯಾರದು?

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಚಾಂಪಿಯನ್ ರೀಫ್ಸ್‌ನ ಹೂವಿನ ವ್ಯಾಪಾರಿಗಳ ಪರವಾಗಿ ಮಾಡಿದ ಭಾಷಣದ ಬರಹ ರೂಪ)



ಇಂಥ ಸಭೆಗಳಿಗೆ ನಾವು ಯಾವಾಗಲೂ ಬರುತ್ತೇವೆ. ಆದರೆ ಹಿಂದಿನ ಬಾಗಿಲಿನಿಂದ ಬರುತ್ತೇವೆ. ಹಾರದ ಬುಟ್ಟಿ ಇಳಿಸಿ, ಲೆಕ್ಕ ಚುಕ್ತಾ ಮಾಡಿಸಿಕೊಂಡು, ಗಣ್ಯರು ಬರೋದಕ್ಕೆ ಮುಂಚೆಯೇ ಜಾಗ ಖಾಲಿ ಮಾಡುತ್ತೇವೆ. ಇವತ್ತು ನೀವು ನಾವು ಕಟ್ಟಿದ ಹಾರವನ್ನು ನಮ್ಮ ಕೊರಳಿಗೇ ಹಾಕಿ, ಕೈಗೆ ಮೈಕೂ ಕೊಟ್ಟಿದ್ದೀರಿ. ಅದಕ್ಕೆ ಸಂಘಕ್ಕೆ ನಮ್ಮ ಹೃತ್ಪೂರ್ವಕ ವಂದನೆಗಳು.

ಈ ಸಂಘ ಹುಟ್ಟಿದ ವರ್ಷ 2001. ಅದೇ ವರ್ಷ ಫೆಬ್ರವರಿ 28ಕ್ಕೆ ನಮ್ಮ ಕಡೆ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈ ಹಾಕಿದ ಗಣಿ. ಚಾಂಪಿಯನ್ ರೀಫ್ಸ್‌ನಲ್ಲಿ ನೆಲದ ಕೆಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಇಳಿದಿದ್ದರು. ಆ ಕಾಲದಲ್ಲಿ ಸೈರನ್ ಕೂಗಿದರೆ ಹೂವಿನವರಿಗೂ ಅದೇ ಗಡಿಯಾರ. ಪಾಳಿ ಬಿಡುವ ಹೊತ್ತಿಗೆ ಬುಟ್ಟಿ ಇಟ್ಟುಕೊಂಡು ಕೂತರೆ ಸಂಬಳದ ದಿನ ಸಂಜೆಯೊಳಗೆ ಬುಟ್ಟಿ ಖಾಲಿ. ಮದುವೆಗೆ ಹಾರ, ಆಯುಧ ಪೂಜೆಗೆ ಚೆಂಡು ಹೂವು, ಚರ್ಚಿಗೆ ಸುಗಂಧರಾಜ, ಕೆಳಗೆ ಬಂಡೆ ಸಿಡಿದ ದಿನ ಸತ್ತವರಿಗೂ ಹಾರ. ಸಂತೋಷಕ್ಕೂ ದುಃಖಕ್ಕೂ ನಮ್ಮ ಹತ್ತಿರವೇ ಬರುತ್ತಿದ್ದರು.

ಗಣಿ ಮುಚ್ಚಿದ ಮೇಲೆ ಏನಾಯಿತು ಅಂತ ನಿಮಗೆ ಹೇಳಬೇಕಾಗಿಲ್ಲ. ಮಾರಿಕುಪ್ಪಂ ಲೈನಿನ ಬೆಳಗಿನ ರೈಲು ಹತ್ತಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯೋಕೆ ಹೋಗುವವರೇ ನಮ್ಮಲ್ಲಿ ಜಾಸ್ತಿ. ಕೈಯಲ್ಲಿ ಕಾಸಿಲ್ಲದಿದ್ದರೂ ಹೂವು ಬಿಟ್ಟವರಿಲ್ಲ, ಎರಡು ಮೊಳ ತಗೊಳ್ಳುತ್ತಿದ್ದವರು ಒಂದು ಮೊಳಕ್ಕೆ ಬಂದರು, ಅಷ್ಟೆ. 'ಹೂವು ಮಾರಿದ ಊರಲ್ಲಿ ಹುಲ್ಲು ಮಾರಬಾರದು' ಅಂತ ಗಾದೆ ಇದೆ. ನಾವು ಆ ಊರಲ್ಲೇ ಇದ್ದು, ಇನ್ನೂ ಹೂವನ್ನೇ ಮಾರಿಕೊಂಡು ಇದ್ದೇವೆ. ಅಂದರೆ ಗಣಿ ಮುಚ್ಚಿದ್ದೂ ನಮ್ಮನ್ನು ಮುಳುಗಿಸಲಿಲ್ಲ. ಈಗ ಬಂದಿರುವ ಕಷ್ಟ ಬೇರೆ ಥರದ್ದು. ಅದನ್ನು ನಿಮ್ಮ ಮುಂದೆ ಇಡೋಣ ಅಂತಲೇ ಬಂದಿದ್ದೇವೆ.

ಒಂದು ಸಣ್ಣ ಪ್ರಸಂಗ ಹೇಳುತ್ತೇವೆ. ನಮ್ಮ ಬೀದಿಯ ಒಬ್ಬ ತಾಯಿಗೆ ಅರವತ್ತು ತುಂಬಿತು. ಮಗ ದೂರದ ದೇಶದಲ್ಲಿದ್ದಾನೆ. ಫೋನಿನಲ್ಲಿ ಒಂದು ಕಂಪನಿಯ ಚಿತ್ರ ನೋಡಿ, 1,800 ರೂಪಾಯಿ ಕಟ್ಟಿ ಬೊಕೆ ಕಳಿಸಿದ. ಆ ಕಂಪನಿಗೆ ಇಲ್ಲಿ ಅಂಗಡಿ ಇಲ್ಲ, ಒಂದು ಹೂವಿನ ಕುಂಡವೂ ಇಲ್ಲ. ಅವರು ನಮಗೆ ಫೋನ್ ಮಾಡಿದರು: "700ಕ್ಕೆ ಮಾಡಿ ಕೊಡ್ತೀರಾ?" ಅಂತ. ವ್ಯಾಪಾರ ಮಂದ ಇತ್ತು, ಒಪ್ಪಿಕೊಂಡೆವು. ಚಿತ್ರದಲ್ಲಿದ್ದ ಲಿಲ್ಲಿ ಹೂವು ನಮ್ಮ ಹತ್ತಿರ ಇರಲಿಲ್ಲ. ಇದ್ದ ಗುಲಾಬಿ, ಸುಗಂಧರಾಜ ಸೇರಿಸಿ, 700ಕ್ಕೆ ತಕ್ಕಂತೆ ಕಟ್ಟಿ, ನಾವೇ ಹೋಗಿ ಕೊಟ್ಟೆವು. ಆ ತಾಯಿ ಮಗನಿಗೆ ಫೋಟೋ ಕಳಿಸಿದರು. ಮಗ ಏನಂದ ಗೊತ್ತೇ? "ನಮ್ಮೂರ ಹೂವಿನವರು ಮೋಸ ಮಾಡಿದ್ದಾರೆ ಅಮ್ಮ." ಮಾರನೇ ದಿನ ಆ ತಾಯಿ ಅಂಗಡಿ ಮುಂದೆ ನಿಂತು, "ಯಾಕಮ್ಮಾ ಹಿಂಗೆ ಮಾಡಿದ್ರಿ, ನನ್ನ ಮಗ ಅಷ್ಟೊಂದು ದುಡ್ಡು ಕಟ್ಟಿದ್ನಲ್ಲ" ಅಂತ ಕೇಳಿದರು. ನಾವು ನಮ್ಮ ಫೋನಿಗೆ ಬಂದ 700ರ ಮೆಸೇಜು ತೋರಿಸಿದೆವು. ಅವರು ಸುಮ್ಮನೆ ನೋಡಿ, "ನೇರವಾಗಿ ನಿಮಗೇ ಫೋನ್ ಮಾಡಿದ್ರೆ ಆಗ್ತಿತ್ತಲ್ಲಾ" ಅಂದರು. ನಂಬರ್ ಅವರ ಮಗನ ಹತ್ತಿರ ಇರಲಿಲ್ಲ. ಅವನ ಹತ್ತಿರ ಇದ್ದದ್ದು ಕಂಪನಿಯ ನಂಬರು.

ಸ್ವಾಮಿ, ನಮ್ಮ ಇವತ್ತಿನ ಮಾತಿನ ತಿರುಳು ಇಷ್ಟೇ. ಹೂವು ಬೆಳೆದವರು ನೀವು. ಕಟ್ಟಿದವರು ನಾವು. ಮನೆ ಬಾಗಿಲಿಗೆ ಹೋಗಿ ಕೊಟ್ಟವರೂ ನಾವು. ಬೈಸಿಕೊಂಡವರೂ ನಾವೇ. ಆದರೆ 1,800ರಲ್ಲಿ 1,100 ಉಳಿಸಿಕೊಂಡವರು ಆರ್ಡರ್ ತಗೊಂಡವರು. ಹೂವಿನಿಂದ ನಾರೂ ಸ್ವರ್ಗಕ್ಕೆ ಹೋಯಿತು ಅನ್ನುತ್ತಾರೆ. ಈಗ ನಾರು ಸ್ವರ್ಗಕ್ಕೆ ಹೋಗಿ ಕೂತಿದೆ, ಹೂವು ಕೆಳಗೇ ಉಳಿದಿದೆ!

ಈ ದೂರದ ಆರ್ಡರಿನ ಪದ್ಧತಿ ಹೇಗೆ ಹುಟ್ಟಿತು ಅನ್ನೋದು ಸಹಕಾರಿಗಳಾದ ನಾವು ನೀವು ತಿಳಿಯಲೇಬೇಕಾದ ಕಥೆ. 1910ರಲ್ಲಿ ಅಮೆರಿಕದಲ್ಲಿ ಕೆಲವು ಹೂವಿನ ಅಂಗಡಿಯವರೇ ಕೂಡಿ ಒಂದು ಸಂಘ ಮಾಡಿಕೊಂಡರು. ಒಂದು ಊರಿನಿಂದ ಇನ್ನೊಂದು ಊರಿಗೆ ಹೂವು ಕಳಿಸೋದಕ್ಕೆ ಆಗದು, ಬಾಡಿಹೋಗುತ್ತದೆ. ಅದಕ್ಕೆ ಹೂವಿನ ಬದಲು ತಂತಿ ಕಳಿಸಿದರು. ಈ ಊರಿನ ಅಂಗಡಿಯವನು ದುಡ್ಡು ತಗೊಂಡು ಆ ಊರಿನ ಅಂಗಡಿಯವನಿಗೆ ಟೆಲಿಗ್ರಾಂ ಕೊಡೋದು, ಅವನು ತಾಜಾ ಹೂವು ಕಟ್ಟಿ ಮನೆಗೆ ಮುಟ್ಟಿಸೋದು. ಆರ್ಡರ್ ಹಿಡಿದವನಿಗೆ ನೂರಕ್ಕೆ ಇಪ್ಪತ್ತರಷ್ಟು ಅನ್ನೋದು ಮುಂದೆ ರೂಢಿಯಾಯಿತು. ಎಫ್.ಟಿ.ಡಿ. ಅಂತ ಅದರ ಹೆಸರು. ಇವತ್ತು ನೀನು ನನಗೆ, ನಾಳೆ ನಾನು ನಿನಗೆ. ನಮ್ಮ ಕಡೆ ನಾಟಿ ಕಾಲದಲ್ಲಿ ಮುಯ್ಯಾಳು ಮಾಡುತ್ತೇವಲ್ಲ, ಅದೇ ಲೆಕ್ಕ. ಅಂಗಡಿಯವರೇ ಸದಸ್ಯರು, ಅವರೇ ಮಾಲೀಕರು. ಎಂಭತ್ತು ವರ್ಷಕ್ಕೂ ಮೀರಿ ಹಾಗೇ ನಡೆಯಿತು.

1994ರಲ್ಲಿ ಅದು ಸದಸ್ಯರ ಕೈಯಿಂದ ಬಂಡವಾಳ ಹಾಕುವವರ ಕೈಗೆ ಹೋಯಿತು. ಲಾಭದ ಕಂಪನಿ ಆಯಿತು. ಅಲ್ಲಿಂದ ಮುಂದೆ ಕಂಪನಿಯೇ ಗಿರಾಕಿಯಿಂದ ನೇರವಾಗಿ ಆರ್ಡರ್ ಹಿಡಿಯುವುದು ಹೆಚ್ಚಿತು, ತಾನೇ ಪೆಟ್ಟಿಗೆಯಲ್ಲಿ ಹೂವು ತುಂಬಿ ಕಳಿಸುವುದೂ ಬೆಳೆಯಿತು. ತನ್ನ ಸದಸ್ಯರಿಗೇ ಪೈಪೋಟಿಯಾಗಿ ನಿಂತಿತು. ಆಮೇಲೆ ಊರಿನ ಹೆಸರನ್ನೇ ಅಂಗಡಿ ಹೆಸರು ಮಾಡಿಕೊಂಡು, ಆ ಊರಲ್ಲಿ ಅಂಗಡಿಯೇ ಇಲ್ಲದೆ ಫೋನಿನಲ್ಲೇ ಆರ್ಡರ್ ಬಾಚಿಕೊಳ್ಳುವವರೂ ಬೇರೆ ಹುಟ್ಟಿಕೊಂಡರು. ಇತ್ತ ದೊಡ್ಡ ದೊಡ್ಡ ಸೂಪರ್ ಮಾರ್ಕೆಟ್ಟುಗಳು ಹಾಲು ಬ್ರೆಡ್ಡಿನ ಪಕ್ಕದಲ್ಲೇ ಹೂವಿನ ಬಕೆಟ್ಟು ಇಟ್ಟವು. ಕೊನೆಗೆ 2019ರ ಜೂನ್‌ನಲ್ಲಿ ಎಫ್.ಟಿ.ಡಿ. ಕಂಪನಿಯೇ ದಿವಾಳಿ ಅರ್ಜಿ ಹಾಕಿ ಬೇರೆ ಮಾಲೀಕರ ಕೈ ಸೇರಿತು. ಸದಸ್ಯರ ಸಂಘವಾಗಿ ಎಂಭತ್ತು ವರ್ಷ ಬಾಳಿದ್ದು, ಕಂಪನಿಯಾಗಿ ಇಪ್ಪತ್ತೈದು ವರ್ಷಕ್ಕೆ ಕೈ ಎತ್ತಿತು. ಇಪ್ಪತ್ತೈದು ತುಂಬಿದ ಸಂಘದ ಮುಂದೆ ಈ ಮಾತು ಹೇಳದೆ ಇನ್ನೆಲ್ಲಿ ಹೇಳೋಣ?

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಹಾಲೆಂಡ್ ದೇಶದ ಆಲ್ಸ್‌ಮೀರ್ ಎಂಬಲ್ಲಿ ಹೂವು ಬೆಳೆಯುವ ರೈತರು 1911ರ ಸುಮಾರಿಗೆ ದಲ್ಲಾಳಿಗಳ ಕಾಟ ತಡೆಯಲಾರದೆ ತಾವೇ ಹರಾಜು ಕಟ್ಟೆ ಶುರು ಮಾಡಿದರು. ಅಲ್ಲಿ ಹರಾಜು ಮೇಲಿಂದ ಕೆಳಕ್ಕೆ ಇಳಿಯುತ್ತದೆ. ದೊಡ್ಡ ಗಡಿಯಾರದ ಮುಳ್ಳು ಹೆಚ್ಚಿನ ಬೆಲೆಯಿಂದ ಇಳಿಯುತ್ತಾ ಬಂದ ಹಾಗೆ, ಮೊದಲು ಗುಂಡಿ ಒತ್ತಿದವನಿಗೆ ಸರಕು. ಇವತ್ತಿಗೂ ಆ ಸಂಸ್ಥೆ, ರಾಯಲ್ ಫ್ಲೋರಾಹಾಲೆಂಡ್, ಬೆಳೆಗಾರರ ಸಹಕಾರ ಸಂಘವೇ. ಪ್ರಪಂಚದಲ್ಲೇ ಅತಿ ದೊಡ್ಡ ಹೂವಿನ ಮಾರುಕಟ್ಟೆ ಅದು. ಅವರು ಹರಾಜು ಕಟ್ಟೆಯನ್ನು ಕೈ ಬಿಡಲಿಲ್ಲ. ಇವರು ಫೋನು ಕೈ ಬಿಟ್ಟರು. ವ್ಯತ್ಯಾಸ ಅಲ್ಲಿದೆ.

ಇನ್ನು ನಮ್ಮ ದೇಶಕ್ಕೆ ಬರೋಣ. 1994ರಲ್ಲಿ ದೆಹಲಿಯಲ್ಲಿ ಒಂದು ಅಂಗಡಿಯಾಗಿ ಶುರುವಾದ ಫರ್ನ್ಸ್ ಎನ್ ಪೆಟಲ್ಸ್ ಈಗ ಊರೂರಲ್ಲಿ ಹೂವು, ಕೇಕು ಮುಟ್ಟಿಸುತ್ತದೆ. ಬೆಂಗಳೂರಿನಲ್ಲಿ 2011ರಲ್ಲಿ ಶುರುವಾದ ಬಿಗ್ ಬಾಸ್ಕೆಟ್‌ನಂಥವರು ಸೊಪ್ಪು ತರಕಾರಿ ಜೊತೆ ಪೂಜೆ ಹೂವನ್ನೂ ಮನೆಗೆ ತರುತ್ತಾರೆ. ಹತ್ತು ನಿಮಿಷದಲ್ಲಿ ತಂದುಕೊಡುತ್ತೇವೆ ಅನ್ನುವವರೂ ಬಂದಿದ್ದಾರೆ. 2019ರಲ್ಲಿ ಬೆಂಗಳೂರಿನ ಅಕ್ಕ ತಂಗಿಯರಿಬ್ಬರು 'ಹೂವು' ಅಂತಲೇ ಹೆಸರಿಟ್ಟು ಪೂಜೆ ಹೂವಿನ ಪೊಟ್ಟಣದ ಕಂಪನಿ ಮಾಡಿದರು. ಬಿಡಿ ಹೂವು ಬಾಡದ ಹಾಗೆ ಪ್ಯಾಕು ಮಾಡಿ ತಿಂಗಳ ಲೆಕ್ಕದಲ್ಲಿ ಮನೆಗೆ ಹಾಕುವುದು ಅವರ ಕೆಲಸ. ಇವರನ್ನೆಲ್ಲ ಬೈದು ಪ್ರಯೋಜನ ಇಲ್ಲ. ಅವರು ಗಿರಾಕಿಗೆ ಏನು ಬೇಕು ಅಂತ ನೋಡಿದರು. ಬೆಲೆ ಮೊದಲೇ ಬರೆದಿಟ್ಟರು, ಹೊತ್ತಿಗೆ ಸರಿಯಾಗಿ ತಂದರು. ನಾವು ಎಷ್ಟು ಜನ ಹಾಗೆ ಮಾಡುತ್ತೇವೆ?

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಮೊಳ ಹಾಕುವಾಗ ಕೈ ಮಡಿಸಿ ಚಿಕ್ಕದು ಮಾಡುವವರು ನಮ್ಮಲ್ಲಿ ಇದ್ದಾರೆ. ನಿನ್ನೆಯ ಹೂವಿಗೆ ನೀರು ಚಿಮುಕಿಸಿ ಇವತ್ತಿನದು ಅನ್ನುವವರೂ ಇದ್ದಾರೆ. ಹಬ್ಬದ ಹಿಂದಿನ ದಿನ ಗಂಟೆಗೊಂದು ರೇಟು. ನಿಮ್ಮ ಕಡೆಯದನ್ನೂ ಹೇಳಿಬಿಡುತ್ತೇವೆ, ಬೇಜಾರು ಮಾಡಿಕೊಳ್ಳಬೇಡಿ. ಚೀಲದ ಮೇಲೆ ಅರಳಿದ ಸೇವಂತಿಗೆ, ತಳದಲ್ಲಿ ಕೊಳೆತದ್ದು. ತೂಕ ಬರಲಿ ಅಂತ ಕಾಕಡಕ್ಕೆ ನೀರು. ಈ ಚಾಳಿ ಇಬ್ಬರೂ ಬಿಡದಿದ್ದರೆ ಗಿರಾಕಿ ಪೊಟ್ಟಣದ ಹೂವಿಗೆ ಹೋಗುವುದು ನ್ಯಾಯವೇ.

ಆದರೆ ನಮ್ಮ ಕೈಯಲ್ಲಿ ಅವರಿಗಿಲ್ಲದ ಬಲವೂ ಇದೆ. ಫೆಬ್ರವರಿ 14ರ ಕೆಂಪು ಗುಲಾಬಿಯಲ್ಲಿ ಹೊಸೂರಿನ ದೊಡ್ಡ ಪಾಲಿಹೌಸುಗಳ ಜೊತೆ, ಬೆಂಗಳೂರಿನ ಕಂಪನಿಗಳ ಜೊತೆ ನಾವು ಪೈಪೋಟಿ ಮಾಡಲಾರೆವು, ಮಾಡಬೇಕಾಗಿಯೂ ಇಲ್ಲ. ರಾತ್ರಿ ಹನ್ನೊಂದಕ್ಕೆ ಒಂದು ಮನೆಯಲ್ಲಿ ಸಾವಾದರೆ ಬೆಳಿಗ್ಗೆ ಆರಕ್ಕೆ ಹಾರ ಬೇಕು. ಆಗ ಬಾಗಿಲು ತಟ್ಟೋದು ನಮ್ಮ ಮನೆಯದು. ದುಡ್ಡು ಹನ್ನೊಂದನೇ ದಿನ ಕೊಟ್ಟರೂ ನಡೆಯುತ್ತದೆ. ಯಾವ ದೇವರ ಮೂರ್ತಿಗೆ ಎಷ್ಟುದ್ದದ ಹಾರ ಬೇಕು, ಯಾವ ಮನೆಯ ಹೆಣ್ಣುಮಗಳಿಗೆ ಮಲ್ಲಿಗೆ ವಾಸನೆಗೆ ತಲೆನೋವು ಬರುತ್ತದೆ ಕನಕಾಂಬರವೇ ಆಗಬೇಕು, ಯಾವ ಮದುವೆ ಚರ್ಚಿನದು, ಯಾವುದು ಛತ್ರದ್ದು, ಕರಗಕ್ಕೆ ಎಷ್ಟು ಮಲ್ಲಿಗೆ ಬೇಕು, ಇದೆಲ್ಲ ನಮಗೆ ಬಾಯಿಪಾಠ. ನಾರಿನಲ್ಲಿ ಒತ್ತಾಗಿ ಕಟ್ಟುವ ಕೈ ಯಾವ ಯಂತ್ರಕ್ಕೂ ಇನ್ನೂ ಬಂದಿಲ್ಲ.

ಹಾಗಾದರೆ ನಾವು ಸೋಲುತ್ತಿರುವುದು ಎಲ್ಲಿ? ಎರಡು ಕಡೆ. ಒಂದನ್ನು ಆಗಲೇ ಹೇಳಿದೆವು, ಆರ್ಡರು. ಇನ್ನೊಂದು ದಾರಿ ಖರ್ಚು. ನೀವು ಇಲ್ಲಿ ನಸುಕಿನಲ್ಲಿ ಎದ್ದು ಬ್ಯಾಟರಿ ಬೆಳಕಿನಲ್ಲಿ ಕಾಕಡ ಬಿಡಿಸುತ್ತೀರಿ. ಅದು ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ಹೋಗುತ್ತದೆ. ನಮ್ಮವರು ಅಲ್ಲಿಗೇ ಹೋಗಿ ಅದನ್ನೇ ಕೊಂಡು ತರುತ್ತಾರೆ. ಚಾಂಪಿಯನ್ ರೀಫ್ಸ್‌ಗೂ ಬೆಂಗಳೂರಿಗೂ ರಸ್ತೆಯಲ್ಲಿ ಸುಮಾರು 100 ಕಿ.ಮೀ. ನಿಮ್ಮ ತೋಟದಿಂದ ನಮ್ಮ ಅಂಗಡಿಗೆ ಒಂದು ಗಂಟೆಯ ದಾರಿ. ಪಕ್ಕದ ಊರಿನ ಹೂವು ರಾಜಧಾನಿ ನೋಡಿಕೊಂಡು ಬರುತ್ತದೆ! ಹೋಗುವ ಬಾಡಿಗೆ ನಿಮ್ಮದು, ಬರುವ ಬಾಡಿಗೆ ನಮ್ಮದು, ಮಧ್ಯದಲ್ಲಿ ಮಂಡಿಯವರ ಕಮಿಷನ್ನು. ಆ ಹೊತ್ತಿಗೆ ಮೊಗ್ಗು ಅರಳಿಯೇ ಬಿಟ್ಟಿರುತ್ತದೆ. ವರಮಹಾಲಕ್ಷ್ಮಿಗೆ ಕನಕಾಂಬರ ಮುಟ್ಟಲಾರದ ಬೆಲೆ, ಹಬ್ಬ ಕಳೆದ ವಾರಕ್ಕೆ ಸೇವಂತಿಗೆ ರಸ್ತೆ ಬದಿಗೆ. ನಷ್ಟ ಮಾತ್ರ ಬೆಳೆದವರಿಗೂ ಕಟ್ಟುವವರಿಗೂ ಹಂಚಿಕೆ.

2020ರ ಲಾಕ್‌ಡೌನ್ ಯಾರೂ ಮರೆತಿಲ್ಲ. ದೇವಸ್ಥಾನ ಮುಚ್ಚಿತು, ಮದುವೆ ನಿಂತವು, ನೀವು ಅರಳಿದ ತೋಟಕ್ಕೆ ಟ್ರ್ಯಾಕ್ಟರ್ ಹೊಡೆಸಿದಿರಿ. ಸರ್ಕಾರ ಆ ಮೇ ತಿಂಗಳಲ್ಲಿ ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಪರಿಹಾರ ಘೋಷಿಸಿತು. ಒಳ್ಳೆಯದಾಯಿತು. ಆದರೆ ಹೂವು ಕಟ್ಟುವ ಹೆಂಗಸಿನ ಹೆಸರು ಯಾವ ಪಹಣಿಯಲ್ಲಿ ಇರುತ್ತದೆ? ಅವಳಿಗೆ ಇರುವುದು ಬುಟ್ಟಿ, ದಾರ, ಹತ್ತು ಬೆರಳು. ಬೆಳಿಗ್ಗೆ 900 ರೂಪಾಯಿ ತಗೊಂಡು ಸಂಜೆ 1,000 ಕೊಡುವ ಮೀಟರ್ ಬಡ್ಡಿಯಲ್ಲೇ ಹೂವು ಕೊಳ್ಳುತ್ತಾಳೆ. ಮಳೆ ಬಂದು ವ್ಯಾಪಾರ ಆಗದಿದ್ದರೂ ಸಂಜೆಯ 1,000 ತಪ್ಪುವುದಿಲ್ಲ. 2018ರಲ್ಲಿ ನಮ್ಮ ರಾಜ್ಯದಲ್ಲಿ ಬಡವರ ಬಂಧು ಯೋಜನೆ ಬಂದಾಗ ಬೀದಿ ವ್ಯಾಪಾರಿಗಳಿಗೆ 10,000 ರೂಪಾಯಿವರೆಗೆ ಬಡ್ಡಿ ಇಲ್ಲದ ಸಾಲವನ್ನು ಸಹಕಾರ ಸಂಸ್ಥೆಗಳ ಮೂಲಕವೇ ಕೊಟ್ಟರು. 2020ರಲ್ಲಿ ಕೇಂದ್ರದ ಸ್ವನಿಧಿ ಯೋಜನೆ ಬಂದಾಗಲೂ ಮೊದಲ ಕಂತು 10,000. ಇಂಥ ಸಾಲ ಕೊಟ್ಟರೆ ಹೂವಿನವರು ತೀರಿಸುತ್ತಾರೆ ಅಂತ ನಾವು ಧೈರ್ಯವಾಗಿ ಹೇಳುತ್ತೇವೆ. ದಿನಕ್ಕೆ ನೂರಕ್ಕೆ ಹತ್ತರ ಮೇಲೆ ಬಡ್ಡಿ ತೀರಿಸಿಕೊಂಡು ಬಂದಿರುವ ಕೈ ಇದು!

ಆದ್ದರಿಂದ ಈ ಶುಭ ದಿನ ಸಂಘದ ಮುಂದೆ ನಮ್ಮ ಮೂರು ಬೇಡಿಕೆ ಇಡುತ್ತೇವೆ.

ಮೊದಲನೆಯದು, ಹೂವಿನ ಸಂಗ್ರಹ. ನಮ್ಮ ಕೋಲಾರದ ಕಡೆ ಹಳ್ಳಿ ಹಳ್ಳಿಯಲ್ಲಿ ಹಾಲಿನ ಡೇರಿ ಇದೆ. ಬೆಳಿಗ್ಗೆ ಹಾಲು ಅಳೆದು, ಫ್ಯಾಟ್ ನೋಡಿ, ಪುಸ್ತಕದಲ್ಲಿ ಬರೆದು ವ್ಯಾನಿಗೆ ಹಾಕುತ್ತಾರೆ. ಹೂವಿಗೂ ಅದೇ ಪದ್ಧತಿ ಯಾಕಾಗಬಾರದು? ಸಂಘದ ಕಟ್ಟೆಯಲ್ಲಿ ಒಂದು ತಕ್ಕಡಿ, ಒಂದು ಪುಸ್ತಕ, ಚಾಂಪಿಯನ್ ರೀಫ್ಸ್‌ಗೆ, ರಾಬರ್ಟ್‌ಸನ್‌ಪೇಟೆಗೆ, ಆಂಡರ್ಸನ್‌ಪೇಟೆಗೆ ಹೋಗಿ ಬರುವ ಒಂದು ಆಟೋ. ದರ ಆ ದಿನದ ಬೆಂಗಳೂರು ಮಂಡಿಯದೇ ಇರಲಿ. ಉಳಿಯುವ ಬಾಡಿಗೆ, ಕಮಿಷನ್ನು ಇಬ್ಬರೂ ಹಂಚಿಕೊಳ್ಳೋಣ. ನಿಮ್ಮ ಎಲ್ಲ ಹೂವನ್ನೂ ನಾವು ಕೊಳ್ಳಲಾರೆವು, ಮಿಕ್ಕದ್ದು ಬೆಂಗಳೂರಿಗೆ ಹೋಗಲಿ. ನಮಗೆ ಬೇಕಾದಷ್ಟು ಮಾತ್ರ ಇಲ್ಲೇ ಇಳಿಯಲಿ.

ಎರಡನೆಯದು, ಒಂದೇ ಫೋನ್ ನಂಬರು, ಒಂದೇ ಆರ್ಡರ್ ಪುಸ್ತಕ. ಅದು ಯಾವ ಅಂಗಡಿಯದೂ ಅಲ್ಲ, ಸಂಘದ್ದು. ಬೆಂಗಳೂರಿನಲ್ಲಿ, ಚೆನ್ನೈನಲ್ಲಿ, ದುಬೈಯಲ್ಲಿ ಇರುವ ಕೆ.ಜಿ.ಎಫ್. ಮಕ್ಕಳು ಆ ನಂಬರಿಗೆ ಹೇಳಿದರೆ ಸರದಿ ಪ್ರಕಾರ ಒಂದೊಂದು ಅಂಗಡಿಗೆ ಆರ್ಡರ್ ಹೋಗಬೇಕು. ನಾವು ನಿಜವಾಗಿ ಕಟ್ಟಬಲ್ಲ ಹಾರದ, ಬೊಕೆಯ ಚಿತ್ರ ಮಾತ್ರ ತೋರಿಸಬೇಕು. ಆರ್ಡರ್ ಪುಸ್ತಕ ನೋಡಿಕೊಳ್ಳುವ ಖರ್ಚಿಗೆ ನೂರಕ್ಕೆ ಇಷ್ಟು ಅಂತ ಸರ್ವ ಸದಸ್ಯರ ಸಭೆಯಲ್ಲೇ ಗೊತ್ತು ಮಾಡಬೇಕು. ಮೊಳ ಚಿಕ್ಕದು ಮಾಡಿದ ಅಂಗಡಿಗೆ ಒಂದು ತಿಂಗಳು ಸರದಿ ಇಲ್ಲ. ಈ ಶಿಸ್ತಿಗೆ ನಾವು ಮೊದಲು ತಲೆ ಕೊಡುತ್ತೇವೆ.

ಮೂರನೆಯದು, ಹೂವು ಕಟ್ಟುವ ಹೆಣ್ಣುಮಕ್ಕಳಿಗೂ ಸದಸ್ಯತ್ವ ಮತ್ತು ಸಣ್ಣ ಸಾಲ. ಇದಕ್ಕೆ ಬೈಲಾ ತಿದ್ದಬೇಕಾದರೆ ತಿದ್ದಿ. ಅವರೂ ಷೇರು ಕಟ್ಟಲಿ, ಅವರಿಗೂ ಒಂದು ಓಟು ಇರಲಿ.

ಇದೆಲ್ಲ ಆಗದ ಮಾತು ಅನ್ನುವವರು ಇರಬಹುದು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗಲೂ ಹಾಗೇ ಅಂದಿರಬೇಕು. ದೇಶದ ಮೊಟ್ಟಮೊದಲ ಸಹಕಾರ ಸಂಘಗಳಲ್ಲಿ ಅದೂ ಒಂದಾಯಿತು. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಡಾ. ಎಂ.ಎಚ್. ಮರಿಗೌಡರ ಮುಂದಾಳತ್ವದಲ್ಲಿ ಕೂಡಿ ಮಾಡಿಕೊಂಡ ಸಂಘವೇ ಮುಂದೆ ಹಾಪ್‌ಕಾಮ್ಸ್ ಆಯಿತು. ಬೆಳೆದವರದೇ ಅಂಗಡಿ, ತೂಕ ಸರಿ, ಬೆಲೆ ಬೋರ್ಡಿನ ಮೇಲೆ. ಹಣ್ಣು ತರಕಾರಿಗೆ ಆದದ್ದು ಹೂವಿಗೆ ಆಗದೇ?

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ನಾಳೆ ಈ ಆರ್ಡರ್ ಪುಸ್ತಕ ದಪ್ಪವಾದರೆ ಕೊಳ್ಳೋದಕ್ಕೆ ಯಾರಾದರೂ ಬಂದೇ ಬರುತ್ತಾರೆ. "ನಿಮಗ್ಯಾಕೆ ಈ ತಲೆನೋವು, ನಾವು ನಡೆಸ್ತೀವಿ, ನೀವು ಹೂವು ಕಟ್ಟಿಕೊಂಡಿರಿ" ಅಂತ ಹೇಳುತ್ತಾರೆ. ಆ ದಿನ ಅಮೆರಿಕದ ಅಂಗಡಿಯವರ ಕಥೆ ನೆನಪು ಮಾಡಿಕೊಳ್ಳಿ. ಹೂವು ಮಾರೋಣ, ಹಾರ ಮಾರೋಣ, ಆ ಪುಸ್ತಕ ಮಾತ್ರ ಮಾರೋದು ಬೇಡ. ಚಿನ್ನದ ಗಣಿ ಇದ್ದಾಗ ಚಿನ್ನ ಲಂಡನ್ನಿನವರ ಲೆಕ್ಕದಲ್ಲಿ ಬರೆದುಕೊಂಡು ಹೋಯಿತು, ನಮಗೆ ಉಳಿದದ್ದು ಬಿಳಿ ಮಣ್ಣಿನ ಸಯನೈಡ್ ದಿಬ್ಬ. ಮಲ್ಲಿಗೆಯ ಲೆಕ್ಕವನ್ನಾದರೂ ನಾವೇ ಬರೆಯೋಣ.

ಆ ಅರವತ್ತು ತುಂಬಿದ ತಾಯಿಯ ಮಗನಿಗೆ ಈಗ ನಮ್ಮ ನಂಬರು ಸಿಕ್ಕಿದೆ. ಮೊನ್ನೆ ಹಬ್ಬಕ್ಕೆ ಅವನೇ ಫೋನ್ ಮಾಡಿ, "ಅಕ್ಕಾ, ಅಮ್ಮನಿಗೆ ನಾಲ್ಕು ಮೊಳ ಮಲ್ಲಿಗೆ ಕೊಡಿ" ಅಂದ. ಐದು ಮೊಳ ಕೊಟ್ಟೆವು. ಅದು ಒಂದು ಅಂಗಡಿಗೆ ಬಂದ ಒಂದು ಫೋನು. ಎಲ್ಲ ಅಂಗಡಿಗೂ ಬರುವ ಹಾಗೆ ಮಾಡುವ ಶಕ್ತಿ ಈ ಸಂಘಕ್ಕಿದೆ. ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ನಮ್ಮ ಮೂರು ಬೇಡಿಕೆಗಳನ್ನು ಚರ್ಚೆಗೆ ತಗೊಳ್ಳಬೇಕು ಅಂತ ಕೈ ಮುಗಿದು ಕೇಳುತ್ತೇವೆ.

ಸಂಘ ಸುವರ್ಣ ಮಹೋತ್ಸವವನ್ನೂ ಆಚರಿಸಲಿ. ಆ ದಿನದ ಹಾರಕ್ಕೆ ಹೂವು ನಿಮ್ಮ ತೋಟದಿಂದಲೇ ಬರಲಿ, ಆರ್ಡರ್ ನಮ್ಮ ಪುಸ್ತಕದಲ್ಲೇ ಇರಲಿ ಅಂತ ಹಾರೈಸುತ್ತೇವೆ.

ಜೈ ಸಹಕಾರ.